ಎಲ್ಲರಿಗೂ ಹೋದ ಉತ್ತರ

ಹರಪನಹಳ್ಳಿಯ ಕಾಲೇಜಿನಲ್ಲಿ ನಾನು ಇತಿಹಾಸ ಪಾಠ ಮಾಡುತ್ತಿದ್ದಾಗ ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಸೇರದೆ ಉಳಿದವಳು ಒಬ್ಬಳೇ, ಚಿಗಟೇರಿ ಕಡೆಯ ಹುಡುಗಿ. ಅವರ ಮನೆಗೆಲ್ಲ ಇದ್ದದ್ದು ಅಪ್ಪನದೊಂದೇ ಫೋನು.

“ನಂಬರ್ ಎಲ್ಲರಿಗೂ ಕಾಣ್ತೈತ್ರಿ ಮೇಡಂ. ಒಬ್ಬ ಹುಡುಗ ಫೋನ್ ಮಾಡಿದ್ರೂ ಅಪ್ಪ ಕಾಲೇಜ್ ಬಿಡಿಸ್ತಾನ್ರಿ,” ಅಂದಳು.

ಟೀಚರ್ ಆಗಬೇಕೆಂಬ ಹಟದ ಹುಡುಗಿ. ಡಿಗ್ರಿ ಮುಗಿಯಲು ಒಂದೇ ವರ್ಷವಿತ್ತು. ನೋಟ್ಸು, ಪರೀಕ್ಷೆಯ ಸುದ್ದಿ ಯಾವುದೂ ಅವಳಿಗೆ ಹೊತ್ತಿಗೆ ಮುಟ್ಟುತ್ತಿರಲಿಲ್ಲ.

ಅವಳಿಗಾಗಿಯೇ, ಒಂದು ಮೇಲ್ ಇಡೀ ಕ್ಲಾಸಿಗೆ ಹೋಗುವಂಥ ಇಮೇಲ್ ಪಟ್ಟಿ ಮಾಡೋಣ ಎಂದು ಕೂತೆ. ಅಬ್ಬಬ್ಬಾ, ಅದನ್ನು ಮಾಡಿಕೊಡುವ ಸೈಟುಗಳೇ ಎಷ್ಟು ಬಗೆ! ಒಂದರಲ್ಲಿ ಕನ್ನಡ ಅಕ್ಷರವೆಲ್ಲ ಚೌಕಚೌಕ. ಇನ್ನೊಂದು ಪಾಠದ ಕೆಳಗೆ ಜಾಹೀರಾತು ತೂರಿಸುತ್ತಿತ್ತು. ಕೊನೆಗೆ ಸಿಕ್ಕಿದ್ದು ಪುಕ್ಕಟೆ, ಕನ್ನಡವೂ ನೆಟ್ಟಗಿತ್ತು, ಯಾರ ಫೋನ್ ನಂಬರೂ ಬೇಡ. ಒಬ್ಬರು ಬರೆದ ಉತ್ತರ ಎಲ್ಲರಿಗೂ ಹೋಗುತ್ತದೆ ಎಂದಿತ್ತು. ಒಳ್ಳೆಯದೇ ಆಯಿತು, ಮಕ್ಕಳು ಚರ್ಚೆ ಮಾಡಲಿ ಅಂದುಕೊಂಡೆ. ಚರ್ಚೆಯಂತೆ, ನನ್ನ ತಲೆ!

ಸೋಮವಾರ ಪರೀಕ್ಷೆ ಎಂದು ಮೊದಲ ಮೇಲ್ ಕಳಿಸಿದೆ. ನಮ್ಮ ಕಡೆ ಮೇಡಂ ಏನಾದರೂ ಹೇಳಿದರೆ ಸುಮ್ಮನಿರುವುದು ಸೊಕ್ಕು. ಒಬ್ಬೊಬ್ಬರೂ “ಆಯ್ತ್ರಿ ಮೇಡಂ” ಎಂದು ಬರೆದರು. ಅಷ್ಟೂ ಹುಡುಗರ ಹೆಸರು, ಕೂಲಿಂಗ್ ಗ್ಲಾಸಿನ ಫೋಟೊ ಸಮೇತ, ಅವಳ ಮೇಲ್ ತೆರೆಯುತ್ತಿದ್ದ ಅಪ್ಪನ ಫೋನಿಗೆ ಒಂದರ ಹಿಂದೊಂದು ಬಂದು ಬಿದ್ದವು. ಆತ ಆಗ ಮೆಕ್ಕೆಜೋಳ ಮಾರಲು ಬಂದು ಅಂಗಡಿ ಮುಂದೆ ಜನರ ನಡುವೆ ಕೂತಿದ್ದನಂತೆ. ನಿನ್ನ ಮಗಳಿಗೆ ಬಂದ ಮೇಲ್ ಇವು ಎಂದು ಪಕ್ಕದವರೇ ಹುಡುಗರ ಹೆಸರು ಓದಿ ಹೇಳಿ ನಕ್ಕರಂತೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ.

ಮರುದಿನದಿಂದ ಅವಳು ಬರಲಿಲ್ಲ. ಅವರ ಮನೆಗೇ ಹೋದೆ. ಒಂದೊಂದು ಮೇಲನ್ನೂ ತೆರೆದು ಅಪ್ಪನಿಗೆ ಓದಿ ಹೇಳಿದೆ. ಆತ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನಾನೂ ಜಗಳಕ್ಕೆ ನಿಲ್ಲುತ್ತಿದ್ದೆ.

“ನಾನು ನಂಬ್ತೀನ್ರಿ ಮೇಡಂ. ನಕ್ಕೋರ ಮನಿಗೆಲ್ಲ ಹೋಗಿ ಹಿಂಗ ಓದಿ ಹೇಳ್ತೀರೇನ್ರಿ? ಮೊದ್ಲು ಇದನ್ನ ಬಂದ್ ಮಾಡ್ರಿ.”

ಪಟ್ಟಿಯಿಂದ ಅವಳ ಹೆಸರು ತೆಗೆಯಲು ಆತನ ಫೋನಿನಲ್ಲೇ ಮೇಲ್‌ನ ಕೊನೆಗಿದ್ದ ಲಿಂಕು ಒತ್ತಿದೆ. ಬಿಡುತ್ತಿರುವುದಕ್ಕೆ ಕಾರಣ ಆರಿಸಿ ಎಂದು ಕೇಳಿತು. ನಾನು ಫೋನು ಕೆಳಗಿಟ್ಟೆ. ಚಹಾ ತಂದಿಟ್ಟ ಹುಡುಗಿ ಬಗ್ಗಿ ಓದಿದಳು. ಅಪ್ಪನ ಎದುರಿಗೇ, ‘ನನಗೆ ಆಸಕ್ತಿ ಇಲ್ಲ’ ಎಂಬುದನ್ನು ಅವಳೇ ಒತ್ತಿದಳು.