ಅಂಗಿ ಜೇಬಿನ ಪರಮಪ್ರಸಾದ

ನಮ್ಮ ಸ್ಕೂಲಿನ ಹೆಡ್‌ ಸಿಸ್ಟರ್ ದನಿ ನನಗೆ ಏಳನೇ ಕ್ಲಾಸಿನಲ್ಲೇ ಸಿದ್ಧಿಸಿತ್ತು. ಅವರು ಮಂಗಳೂರು ಕಡೆಯವರು. "ಎಂತ ಮಾರಾಯ, ಟೈ ಎಲ್ಲುಂಟು?" ಅಂತ ನಾನು ಕಾರಿಡಾರಿನ ಮೂಲೆಯಿಂದ ಒಂದು ಸಲ ಅಂದರೆ ಸಾಕು, ಹತ್ತನೇ ಕ್ಲಾಸಿನ ಗಡವರೂ ಕತ್ತು ತಡವಿಕೊಳ್ಳೋರು. ಪಿ.ಟಿ. ಸರ್ ಕೆಮ್ಮು, ಕ್ಯಾಂಟೀನ್ ಅಂಕಲ್ ಆಕಳಿಕೆ, ಪೆಟ್ಟು ತಿಂದಾಗಿನ ನನ್ನದೇ ಅಳು, ಎಲ್ಲ ಸ್ಟಾಕಿನಲ್ಲಿತ್ತು. ಒಂದು ವಿಷಯಕ್ಕೆ ಮಾತ್ರ ಸ್ಟಾಕ್ ಇರಲಿಲ್ಲ: ಬಾಯಿ ಮುಚ್ಚಿಕೊಂಡು ಕೇಳೋದು.

ಒಂಬತ್ತನೇ ಕ್ಲಾಸಿನಲ್ಲಿ ಐರ್ಲೆಂಡಿನ ಒಂದು ಕ್ಯಾಥೊಲಿಕ್ ಹೈಸ್ಕೂಲಿನ ಮಕ್ಕಳು ನಮ್ಮಲ್ಲಿಗೆ ಬಂದರು. ಹತ್ತು ದಿನದ ಕಾರ್ಯಕ್ರಮ: ಬೆಳಗ್ಗೆ ಸೇವೆ, ಸಂಜೆ ಸಂಸ್ಕೃತಿ. ಒಬ್ಬೊಬ್ಬರಿಗೂ ನಮ್ಮಲ್ಲೊಬ್ಬ ಜೋಡಿ. ಅಲ್ಲಿಯವರೆಗೆ ಜೋಡಿಗೆ ಕ್ಯಾಥೊಲಿಕ್ ಮಕ್ಕಳನ್ನಷ್ಟೇ ಆರಿಸುತ್ತಿದ್ದರು. ಆ ವರ್ಷ ಸಿಸ್ಟರ್ ಕಮಿಟಿಯಲ್ಲಿ ಹಠ ಹಿಡಿದು ನಮ್ಮಂಥ ನಾಲ್ವರನ್ನು ಸೇರಿಸಿದ್ದರು. "ಈ ಸಲ ನೋಡೋಣ, ಸರಿಹೋದರೆ ಮುಂದಕ್ಕೂ" ಅಂತ ಕಮಿಟಿ ಒಪ್ಪಿತ್ತಂತೆ. ಸಿಸ್ಟರ್ ನಮ್ಮ ನಾಲ್ವರನ್ನೂ ಸಾಲಾಗಿ ನಿಲ್ಲಿಸಿ ಹೇಳಿದ್ದರು: "ನಿಮ್ಮ ಹಿಂದೆ ಬರುವ ಮಕ್ಕಳಿಗೆ ಬಾಗಿಲು ತೆರೆಯುವುದೂ ಮುಚ್ಚುವುದೂ ನಿಮ್ಮ ಕೈಯಲ್ಲುಂಟು." ಹೇಳುವಾಗ ನಾಲ್ವರಲ್ಲಿ ನನ್ನೊಬ್ಬನನ್ನೇ ನೋಡುತ್ತಿದ್ದರು.

ನನ್ನ ಜೋಡಿ ಕೆಂಗೂದಲಿನ, ಮೂಗಿನ ಮೇಲೆಲ್ಲ ಚುಕ್ಕೆಗಳಿದ್ದ ಉದ್ದನೆಯ ಹುಡುಗ. ಮೊದಲ ಭಾನುವಾರ ಜರಗನಹಳ್ಳಿಯ ನಮ್ಮ ಮನೆಗೆ ಊಟಕ್ಕೆ ಬಂದ. ಅಮ್ಮ ಪೂಜೆ ಮುಗಿಸಿ ಅವನ ಅಂಗೈಗೆ ಒಂದು ಉದ್ಧರಣೆ ತೀರ್ಥ ಬಿಟ್ಟಳು. ಅವನು ತುಂಬ ವಿನಯದಿಂದ ಥ್ಯಾಂಕ್ಯೂ ಅಂದು ಅದರಲ್ಲಿ ಎರಡೂ ಕೈ ಉಜ್ಜಿ ತೊಳೆದುಕೊಂಡ. ಒರೆಸಿಕೊಳ್ಳೋಕೆ ಟವೆಲ್ ಬೇರೆ ಹುಡುಕಿದ. ನಾನು ನೆಲಕ್ಕೆ ಬಿದ್ದು ನಕ್ಕೆ. ಅಮ್ಮ ನನ್ನ ತಲೆಗೆ ಮೊಟಕಿ, "ಗೊತ್ತಿಲ್ದೆ ಮಾಡಿದ್ರೆ ಅದೇನು ಅಪರಾಧನಾ? ತಟ್ಟೆ ಹಾಕೋ" ಅಂದಳು.

ಮಾರನೇ ದಿನ ಬಿಳೇಕಹಳ್ಳಿ ಹತ್ತಿರದ ಒಂದು ವೃದ್ಧಾಶ್ರಮಕ್ಕೆ ಸೇವೆಗೆ ಹೊರಟೆವು. ವ್ಯಾನಿನ ಹಿಂದಿನ ಸೀಟಿನಲ್ಲಿ ನನ್ನದೇ ಪ್ರದರ್ಶನ. ಮೊದಲು ತೀರ್ಥದಲ್ಲಿ ಕೈತೊಳೆದ ಪ್ರಸಂಗ, ಆಮೇಲೆ ಮಕ್ಕಳ ಜೊತೆ ಬಂದಿದ್ದ ಐರಿಷ್ ಫಾದರ್. ಆರಡಿ ಮೇಲಿದ್ದ ಆ ಪುಣ್ಯಾತ್ಮರಿಗೆ ಬೆಂಗಳೂರಿನ ಧೂಳಿಗೆ ಇಳಿದ ದಿನವೇ ಮೂಗು ಕಟ್ಟಿತ್ತು. ಆ ಕಟ್ಟಿದ ಮೂಗಿನ ಇಂಗ್ಲಿಷು ನನ್ನ ಬಾಯಲ್ಲಿ ಸಖತ್ತಾಗಿ ಬರುತ್ತಿತ್ತು. ವ್ಯಾನಿನ ಮುಂದುಗಡೆ ಸಿಸ್ಟರ್ ಎದ್ದು ನಿಂತು ಏನೋ ಹೇಳುತ್ತಿದ್ದರು. ಏನು ಅಂತ ನಾನು ಕೇಳಿಸಿಕೊಳ್ಳಲಿಲ್ಲ.

ಅವರು ಹೇಳಿದ್ದು ಇಷ್ಟೇ ಅಂತ ಆಮೇಲೆ ಗೊತ್ತಾಯಿತು: "ಮೊದಲು ಪೂಜೆ ಉಂಟು. ಫಾದರ್ ಪರಮಪ್ರಸಾದ ಕೊಡುವ ಹೊತ್ತಿಗೆ ನೀವು ನಾಲ್ವರು ಕೂತೇ ಇರಬೇಕು."

ಸ್ಕೂಲಿನಲ್ಲಿ ಕ್ಯಾಥೊಲಿಕ್ ಮಕ್ಕಳಿಗೆ ಪೂಜೆ ಇರುವಾಗ ನಮಗೆ ನೀತಿಪಾಠ ಇರುತ್ತಿತ್ತು. ಹಾಗಾಗಿ ನಾನು ಪೂಜೆಯನ್ನು ಕಿಟಕಿಯಿಂದ ಕದ್ದು ನೋಡಿ, ಇಂಟರ್‌ವಲ್‌ನಲ್ಲಿ ಮಾಡಿ ತೋರಿಸಿದ್ದೆನೇ ಹೊರತು ಒಳಗೆ ಕೂತವನಲ್ಲ. ಆಶ್ರಮದ ಪುಟ್ಟ ಪ್ರಾರ್ಥನಾ ಕೋಣೆಯಲ್ಲಿ ನಮ್ಮ ಬೆಂಚು ಎದ್ದಿತು. ಜೋಡಿ ಎದ್ದ, ನಾನೂ ಎದ್ದೆ. ಸಾಲು ಮುಂದೆ ಹೋಯಿತು, ನಾನೂ ಹೋದೆ. ಫಾದರ್ ಬಿಳಿ ಬಿಲ್ಲೆಯಂಥ ರೊಟ್ಟಿ ಎತ್ತಿ ಹಿಡಿದು ಮೂಗಿನಲ್ಲೇ "ಕ್ರಿಸ್ತನ ಶರೀರ" ಅಂತ ಇಂಗ್ಲಿಷಿನಲ್ಲಿ ಅಂದರು. ನನ್ನ ಬಾಯಿಂದ ತಾನಾಗಿ "ಆಮೆನ್" ಬಂತು. ಅದೂ ಸಿಸ್ಟರ್ ದನಿಯಲ್ಲಿ, ಐವತ್ತು ವರ್ಷದ ಭಕ್ತಿ ಸಮೇತ. ಯಾವ ಫಾದರ್‌ಗೆ ತಾನೇ ಅನುಮಾನ ಬರುತ್ತೆ? ಅಂಗೈಗೆ ಇಟ್ಟರು. ನಾನು ಕಣ್ಣಿಗೊತ್ತಿಕೊಂಡು ವಾಪಸ್ ಬಂದೆ.

ನಮ್ಮ ಮನೆಯಲ್ಲಿ ಒಂದು ರೂಢಿ. ದೇವಸ್ಥಾನದಲ್ಲಿ ಕೊಟ್ಟಿದ್ದನ್ನು ಅಲ್ಲೇ ನುಂಗಿಬಿಟ್ಟರೆ ಹೊಟ್ಟೆಬಾಕ ಅಂತಾರೆ. ಮನೆಗೆ ತರಬೇಕು, ಅಮ್ಮ ಚೂರು ಚೂರು ಮಾಡಿ ಎಲ್ಲರಿಗೂ ಹಂಚಬೇಕು. ಕೈ ಯೋಚನೆಯನ್ನೇ ಮಾಡಲಿಲ್ಲ. ಅಂಗಿ ಜೇಬಿನಲ್ಲಿ ಮಡಿಸಿದ ಕರ್ಚೀಫಿತ್ತು. ನೆಗಡಿ ಆಗದಿರಲಿ ಅಂತ ಅಮ್ಮ ಅದಕ್ಕೆ ನೀಲಗಿರಿ ಎಣ್ಣೆ ಹಾಕಿದ್ದಳು. ಅದರ ಮಡಿಕೆಯೊಳಗೆ ರೊಟ್ಟಿ ಇಟ್ಟೆ.

ಪಕ್ಕದ ಗಾಲಿಕುರ್ಚಿಯಲ್ಲಿದ್ದ ಅಜ್ಜಿ ನೋಡಿಬಿಟ್ಟಿದ್ದರು.

"ಮಗಾ, ಅದನ್ನ ಜೇಬಲ್ಲಿ ಇಡೋ ಹಾಗಿಲ್ಲ ಕಣೋ. ಅದು ಸ್ವಾಮಿ."

"ತಿನ್ಬಿಡ್ಲಾ ಅಜ್ಜಿ?"

"ನೀನು ನಮ್ಮೋನಾ?"

"ಅಲ್ಲ."

"ಹಂಗಾದ್ರೆ ತಿನ್ನೋ ಹಾಗೂ ಇಲ್ವಲ್ಲಪ್ಪಾ" ಅಂದು ಅಜ್ಜಿ ಜಪಮಾಲೆ ಕೈಗೆತ್ತಿಕೊಂಡರು. ನನಗೋಸ್ಕರವೇ ಇರಬೇಕು.

ಇಡೋ ಹಾಗಿಲ್ಲ, ತಿನ್ನೋ ಹಾಗಿಲ್ಲ, ಎಸೆಯೋ ಮಾತಂತೂ ಬಾಯಲ್ಲಿ ಆಡೋ ಹಾಗಿಲ್ಲ. ಹೇಳಿದರೆ? ಕಮಿಟಿಯವರು ಸಿಸ್ಟರ್ ಕಡೆ ತಿರುಗಿ "ನೋಡಿದಿರಾ?" ಅನ್ನುವುದು ಕಿವಿಗೆ ಕೇಳಿಸಿತು. ಬಾಗಿಲು ಮುಚ್ಚಿದ ಸದ್ದೂ ಕೇಳಿಸಿತು. ಮುಂದಿನ ವರ್ಷ ಹೆಸರು ಕೊಡಬೇಕು ಅಂತ ಈಗಲೇ ನನ್ನ ಹಿಂದೆ ಬಿದ್ದಿದ್ದ ಎಂಟನೇ ಕ್ಲಾಸಿನ ಹುಡುಗರ ಮುಖಗಳು ಕಣ್ಣ ಮುಂದೆ ಬಂದವು.

ಪೂಜೆ ಆದ ಮೇಲೆ ಸೇವೆ ಶುರುವಾಯಿತು. ಕಬ್ಬಿಣದ ಮಂಚಗಳನ್ನು ಅಂಗಳಕ್ಕೆ ತಂದು ಬಿಸಿನೀರು ಹಾಕಿ ಉಜ್ಜೋದು. ಎಲ್ಲರೂ ಪ್ಯಾಂಟು ಮಡಿಸಿ ಬಗ್ಗಿದರು. ನಾನು ಬಗ್ಗಿದರೆ ರೊಟ್ಟಿ ಮುರಿಯುತ್ತೆ. ಹಾಗಾಗಿ ಎದೆ ಮೇಲೆ ಎಡಗೈ ಇಟ್ಟುಕೊಂಡು, ರಾಷ್ಟ್ರಗೀತೆ ಮುಗಿದದ್ದು ಗೊತ್ತಾಗದವನ ಹಾಗೆ ನೆಟ್ಟಗೆ ನಿಂತೆ. ಬಲಗೈಯಲ್ಲಿ ಮಗ್‌ನಿಂದ ನೀರು ಹೊಯ್ದೆ. ನನ್ನ ಸೇವೆ ಅಂದರೆ ಅಷ್ಟೇ.

ಜೋಡಿ ಬಂದು, "ಎದೆ ನೋಯ್ತಿದೆಯಾ?" ಅಂದ. ನಮ್ಮಿಬ್ಬರದು ಇಂಗ್ಲಿಷಿನಲ್ಲೇ ಮಾತು. ಎಲ್ಲ ಹೇಳಿದೆ. ಈಗ ನಗ್ತಾನೆ, ನಕ್ಕರೆ ನ್ಯಾಯ, ಬೆಳಗ್ಗೆಯಷ್ಟೇ ಇಡೀ ವ್ಯಾನಿಗೆ ಅವನ ಮಾನ ಹಂಚಿದ್ದೆನಲ್ಲ, ಅಂದುಕೊಂಡೆ. ಅವನು ನಗಲಿಲ್ಲ. ಅವನ ಚುಕ್ಕೆಗಳು ಇನ್ನೂ ಕೆಂಪಾದವು.

"ನಾನು ನಿಮ್ಮಮ್ಮ ಕೊಟ್ಟ ತೀರ್ಥದಲ್ಲಿ ಕೈ ತೊಳೆದೆ. ಅವರು ನನಗೆ ಎರಡನೇ ಸಲ ಕೊಟ್ಟರು, ಆಮೇಲೆ ಊಟ ಹಾಕಿದರು. ಬಾ" ಅಂದು ನನ್ನ ಮಣಿಕಟ್ಟು ಹಿಡಿದು ನಲ್ಲಿ ಹತ್ತಿರ ಬ್ರಷ್ ತೊಳೆಯುತ್ತಿದ್ದ ಫಾದರ್ ಎದುರು ನಿಲ್ಲಿಸಿದ. ಅಲ್ಲೇ ಸಿಸ್ಟರೂ ಇದ್ದರು.

ಎಲ್ಲರ ದನಿಯೂ ಬರುವ ನನಗೆ ಆಗ ಒಂದು ದನಿಯೂ ಬರಲಿಲ್ಲ. ಕರ್ಚೀಫು ಬಿಚ್ಚಿ ತೋರಿಸಿದೆ.

ಫಾದರ್ ನೋಡಿದರು. ಬ್ರಷ್ ಕೆಳಗಿಟ್ಟು ಕೈ ಒರೆಸಿಕೊಂಡರು. "ಇಲ್ಲಿತನಕ ಜೋಪಾನ ಮಾಡಿದ್ದೀಯ" ಅಂದು ರೊಟ್ಟಿಯನ್ನು ಎರಡು ಬೆರಳಲ್ಲಿ ಎತ್ತಿ, ಕಣ್ಣು ಮುಚ್ಚಿ, ತಾವೇ ಬಾಯಿಗೆ ಹಾಕಿಕೊಂಡರು. ಮೂರು ಗಂಟೆ ನೀಲಗಿರಿ ಎಣ್ಣೆಯಲ್ಲಿ ನೆಂದ ರೊಟ್ಟಿ ಅದು. ಮುಖ ಒಂದು ಚೂರೂ ಅಲ್ಲಾಡಲಿಲ್ಲ. ಕಣ್ಣಲ್ಲಿ ಮಾತ್ರ ನೀರು ಬಂತು. ಸ್ವಲ್ಪ ಹೊತ್ತು ಪ್ರಾರ್ಥನೆ ಮಾಡಿ, ಕಣ್ಣು ಬಿಟ್ಟು, ಉದ್ದಕ್ಕೆ ಉಸಿರೆಳೆದರು. ಇನ್ನೊಂದು ಸಲ ಎಳೆದರು.

"ಸಿಸ್ಟರ್," ಅಂದರು, "ಬೆಂಗಳೂರಿಗೆ ಬಂದ ಮೇಲೆ ಇದೇ ಮೊದಲು ನನ್ನ ಮೂಗು ಬಿಟ್ಟಿದ್ದು."

ಮೂಗು ಅವರದು ಬಿಟ್ಟಿತು, ಉಸಿರು ನಾನು ಬಿಟ್ಟೆ.

ಸಿಸ್ಟರ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಮುರಿದಿತ್ತಾ?"

"ಇಲ್ಲ ಸಿಸ್ಟರ್. ಬೆಳಗ್ಗಿಂದ ನಾನು ಬಗ್ಗೇ ಇಲ್ಲ."

"ಅದಕ್ಕಾ ನೀನು ಒಂದು ಮಂಚವೂ ಉಜ್ಜದೆ ಕಂಬದ ಹಾಗೆ ನಿಂತದ್ದು! ಎಂತ ಮಾರಾಯ ನೀನು! ವ್ಯಾನಿನಲ್ಲಿ ನಾನು ಹೇಳಿದ್ದು ಕೇಳಲಿಲ್ಲವಾ?"

"ಇಲ್ಲ ಸಿಸ್ಟರ್. ಮಿಮಿಕ್ರಿ ಮಾಡ್ತಿದ್ದೆ."

"ಯಾರದು?"

ಫಾದರ್ ಕಡೆ ನೋಡಿದೆ. ಬ್ರಷ್ ನನ್ನ ಕೈಗೆ ಬಂತು. ಮಧ್ಯಾಹ್ನದವರೆಗೆ ಉಳಿದ ಮಂಚಗಳನ್ನೆಲ್ಲ ಬಗ್ಗಿ ಬಗ್ಗಿ ಉಜ್ಜಿದೆ. ಬಗ್ಗೋದು ಅಷ್ಟು ಸುಖ ಅಂತ ಅವತ್ತೇ ಗೊತ್ತಾಗಿದ್ದು.

ವಾಪಸ್ ಬರುವಾಗ ಹಿಂದಿನ ಸೀಟಿನಲ್ಲಿ ಪ್ರದರ್ಶನ ನನ್ನದಲ್ಲ. ಜೋಡಿ ಎದ್ದು ನಿಂತು, ಎದೆ ಮೇಲೆ ಎಡಗೈ ಇಟ್ಟು, ಮಗ್ ಹಿಡಿದವನ ಹಾಗೆ ಬಲಗೈ ಎತ್ತಿ, ಕಣ್ಣು ಗುಡ್ಡೆ ಹೊರಗೆ ಬಿಟ್ಟ. ನಾನೇ ಅಂತ ಎಲ್ಲರಿಗೂ ತಕ್ಷಣ ಗೊತ್ತಾಯಿತು. ಅಷ್ಟು ಚೆನ್ನಾಗಿ ನನಗೇ ನಾನು ಬರುತ್ತಿರಲಿಲ್ಲ. ಮುಂದಿನ ಸೀಟಿನಲ್ಲಿ ಸಿಸ್ಟರ್ ಹೆಗಲು ಕುಲುಕುತ್ತಿತ್ತು.

ಮರುವರ್ಷ ಎಂಟು ಜನ ಬೇರೆ ಧರ್ಮದ ಮಕ್ಕಳು ಜೋಡಿಗಳಾದರು. ಪೂಜೆಗೆ ಮುಂಚೆ ಅವರಿಗೆ ನಿಯಮ ಹೇಳೋ ಕೆಲಸ ಸಿಸ್ಟರ್ ನನಗೇ ಕೊಟ್ಟರು. ವ್ಯಾನಿನಲ್ಲಿ ಎದ್ದು ನಿಂತು ಹೇಳಿದೆ. ಹಿಂದಿನ ಸೀಟಿನಲ್ಲಿ ಯಾವನೋ ಆಗಲೇ ನನ್ನ ದನಿ ಅನುಕರಿಸುತ್ತಿದ್ದ. ಅವನ ಪಕ್ಕ ಹೋಗಿ ಕೂತು, ಕಿವಿ ಹಿಡಿದು, ಇನ್ನೊಂದು ಸಲ ಹೇಳಿದೆ.