ಡಬ್ಬಿ ಕಾರು, ಇಸ್ತ್ರಿ ಅಕ್ಕ

ಮಳೆಯಿಲ್ಲ, ಮೋಡವೂ ಇಲ್ಲ. ಆದರೂ ಓಣಿಯ ತುದಿಯ ಶೆಡ್ಡಿನಲ್ಲಿ ಇಸ್ತ್ರಿ ಅಕ್ಕ ರೇನ್‌ಕೋಟು ತೊಟ್ಟು ನಿಂತಿದ್ದಾರೆ. ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಎದುರಿಗೆ ಪುಟ್ಟ ಕಾರು. ಎರಡು ಗುಂಡು ದೀಪ, ಸೈಕಲ್ಲಿಗಿಂತ ತುಸು ದಪ್ಪದ ಚಕ್ರ, ಎತ್ತಿ ಇಟ್ಟ ಟ್ರಂಕಿನಂಥ ಮೈ. ದೊಡ್ಡ ಯುದ್ಧಕ್ಕೂ ಮುಂಚೆ ಹುಟ್ಟಿದ ಗಾಡಿ, ಈ ಓಣಿಯಲ್ಲಿ ಬದುಕಿರುವ ಎಲ್ಲರಿಗಿಂತ ಹಿರಿಯದು. ಆದರೆ ಹಿರಿಯರು ಅನ್ನುವ ಮರ್ಯಾದೆ ಯಾರಿಗಿದೆ? ಓಣಿಯವರು ಅದಕ್ಕೆ ಇಟ್ಟಿರುವ ಹೆಸರು 'ಡಬ್ಬಿ'.

ಅಕ್ಕ ಪೆಟ್ರೋಲಿನ ನಲ್ಲಿ ತಿರುಗಿಸುತ್ತಾರೆ. ಒಳಗೆ ಕೈ ಹಾಕಿ ಸ್ಟೀರಿಂಗಿನ ನಡುವಿನ ಸಣ್ಣ ಲಿವರನ್ನು ಕೆಳಗೆಳೆಯುತ್ತಾರೆ. ಮುಂದೆ ಬಂದು ಮೂತಿಗೆ ಕಬ್ಬಿಣದ ಹ್ಯಾಂಡಲ್ ಸಿಕ್ಕಿಸಿ, ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕಕ್ಕೇ ಸೇರಿಸಿ ಹಿಡಿದು ಒಮ್ಮೆ ಮೇಲಕ್ಕೆ ಜಗ್ಗುತ್ತಾರೆ. ಡಬ್ಬಿ ಕೆಮ್ಮುತ್ತದೆ. ಇನ್ನೊಮ್ಮೆ. ಮತ್ತೆ ಕೆಮ್ಮು. ಮೂರನೆಯದಕ್ಕೆ ಗಂಟಲು ಸರಿಮಾಡಿಕೊಂಡು ಗುಡುಗುಡು ಶುರು ಹಚ್ಚಿಕೊಳ್ಳುತ್ತದೆ. ಮೂಲೆಯ ಸ್ಟೂಲಿನ ಮೇಲೆ ಚಹಾ ಲೋಟ ಹಿಡಿದು ಕೂತ ಮಾವ ತಲೆ ಓರೆ ಮಾಡಿ ಕೇಳಿಸಿಕೊಳ್ಳುತ್ತಾರೆ. ಅವರ ಕಣ್ಣು ಈಗ ಮಸುಕು, ಕಿವಿ ಮಾತ್ರ ಚುರುಕು. ಸದ್ದು ಸರಿಯಿದ್ದರೆ ಲೋಟ ಬಾಯಿಗೆ ಹೋಗುತ್ತದೆ, ಇಲ್ಲದಿದ್ದರೆ ಕೆಳಗೆ ಇಳಿಯುತ್ತದೆ. ಇವತ್ತು ಲೋಟ ಬಾಯಿಗೆ ಹೋಯಿತು.

ಆಮೇಲೆ ಅಕ್ಕ ರೇನ್‌ಕೋಟು ಕಳಚಿ ಮೊಳೆಗೆ ತೂಗುಹಾಕಿ, ಸೋಪಿನ ಪುಡಿಗೆ ಮರದ ಹೊಟ್ಟು ಬೆರೆಸಿ ಮೊಣಕೈವರೆಗೆ ತಿಕ್ಕಿ ತೊಳೆಯುತ್ತಾರೆ. ಮೂಸಿ ನೋಡಿ ಮತ್ತೆ ತೊಳೆಯುತ್ತಾರೆ. ಆಮೇಲೇ ಅಂಗಡಿಯೊಳಗೆ ಕಾಲಿಡುವುದು. ಒಳಗೆ ಅವರ ಯಜಮಾನರು ರಾತ್ರಿಯೇ ಇಸ್ತ್ರಿ ಮುಗಿಸಿಟ್ಟ ಬಿಳಿ ಕೋಟುಗಳು ಸಾಲಾಗಿ ನೇತಾಡುತ್ತಿವೆ. ಆಸ್ಪತ್ರೆಯ ಡಾಕ್ಟರುಗಳದು, ನರ್ಸುಗಳದು, ಜತೆಗೆ ಎರಡು ಲಾಡ್ಜುಗಳ ಹಾಸು. ಎಣ್ಣೆ ಸೋರುವ ಕಾರಿನಲ್ಲಿ ಬಿಳಿ ಬಟ್ಟೆ ಸಾಗಿಸುವ ಕಸುಬನ್ನು ಬುದ್ಧಿ ನೆಟ್ಟಗಿರುವ ಯಾರೂ ಆರಿಸಿಕೊಳ್ಳುವುದಿಲ್ಲ. ಅಕ್ಕ ಆರಿಸಿಕೊಂಡು ಹನ್ನೆರಡು ವರ್ಷವಾಗುತ್ತ ಬಂದಿದೆ, ಒಂದು ಕೋಟಿನ ಮೇಲೂ ಕಲೆ ಬಿದ್ದಿಲ್ಲ.

ಇವತ್ತು ಮಾತ್ರ ಬೆಳಗಿನ ಸುತ್ತು ಮುಗಿದ ಮೇಲೆ ಡಬ್ಬಿ ಮನೆಗೆ ಬರುವುದಿಲ್ಲ. ಸಾರಿಗೆ ಕಚೇರಿಗೆ ಹೋಗಬೇಕು. ಇಷ್ಟು ಹಳೆಯ ಗಾಡಿ ರಸ್ತೆಯಲ್ಲಿ ಓಡಬೇಕಾದರೆ ಆಗಾಗ ತಪಾಸಣೆಗೆ ನಿಲ್ಲಬೇಕು. ಹೋದ ತಿಂಗಳು ನಿಂತಾಗ ಬ್ರೇಕಿನಲ್ಲಿ ಫೇಲಾಯಿತು. ಇದು ಎರಡನೆಯ ಮತ್ತು ಕೊನೆಯ ಅವಕಾಶ. ಇವತ್ತೂ ಬ್ರೇಕು ಹಿಡಿಯದಿದ್ದರೆ ಡಬ್ಬಿಯನ್ನು ಶೆಡ್ಡಿನಲ್ಲಿ ಒರೆಸಿ ಇಟ್ಟುಕೊಂಡು ನೋಡಬಹುದೇ ಹೊರತು ಗೇಟಿನಾಚೆ ಓಡಿಸುವ ಹಾಗಿಲ್ಲ.

ಡಬ್ಬಿ ಈ ಮನೆಗೆ ಬಂದದ್ದು ಮಾವನ ಪ್ರಾಯದಲ್ಲಿ. ಆಗ ಅವರು ಒಬ್ಬ ಡಾಕ್ಟರ ಬಳಿ ಡ್ರೈವರ್. ಡಾಕ್ಟರು ಊರು ಬಿಡುವಾಗ, 'ಇದು ನಿನ್ನ ಮಾತನ್ನೇ ಕೇಳುವುದು, ನೀನೇ ಇಟ್ಟುಕೋ' ಎಂದು ಕೀಲಿಕೈ ಕೊಟ್ಟು ಹೋದರಂತೆ. ಮುಂದೆ ಮಾವ ಸಿಟಿ ಬಸ್ಸಿಗೆ ಸೇರಿ ನಿವೃತ್ತಿಯವರೆಗೂ ದೊಡ್ಡ ಸ್ಟೀರಿಂಗು ತಿರುಗಿಸಿದರು. ರಜೆಯ ದಿನ ಮಾತ್ರ ಡಬ್ಬಿ. ಕಣ್ಣು ಮಂಜಾದ ಮೇಲೆ ಅದೂ ನಿಂತಿತು. ಕಾರಿನ ಮೇಲೆ ಹಳೆಯ ಬೆಡ್‌ಶೀಟು ಬಿತ್ತು. ಮಾವ ಆ ಕಡೆ ತಿರುಗಿ ನೋಡುವುದನ್ನೇ ಬಿಟ್ಟರು.

ಅಕ್ಕ ಆಗ ತಳ್ಳುಗಾಡಿಯಲ್ಲಿ ಬಟ್ಟೆ ಹೊತ್ತು ಆಸ್ಪತ್ರೆಯ ಏರು ಹತ್ತುತ್ತಿದ್ದರು. ದೂಳು, ಗಾಳಿ. ಎಷ್ಟೋ ಸಲ ಅರ್ಧ ದಾರಿಯಿಂದ ವಾಪಸು ಬಂದು ಮತ್ತೆ ಒಗೆದದ್ದುಂಟು. ಒಂದು ದಿನ ರೋಸಿಹೋಗಿ ಬೆಡ್‌ಶೀಟು ಎತ್ತಿ, "ಮಾವ, ಇದು ಓಡುತ್ತಾ?" ಎಂದು ಕೇಳಿದರು. ಸೈಕಲ್ಲನ್ನೂ ತುಳಿಯದ ಸೊಸೆ. ಮಾವ ಕಾರಿನ ಮೈ ತಡವಿ, "ಓಡುತ್ತೆ. ಓಡಿಸೋರು ಬೇಕು" ಎಂದರಂತೆ.

ಕಲಿಸುವುದೇನು ಸಲೀಸಾಗಿತ್ತೇ! ಈ ಕಾಲದ ಗಾಡಿಯ ಹಾಗೆ ಗೇರು ತಾನಾಗಿ ಬೀಳುವುದಿಲ್ಲ. ಕ್ಲಚ್ಚು ಒತ್ತಿ, ಬಿಟ್ಟು, ಎಂಜಿನ್ನಿನ ಸದ್ದು ಹದಕ್ಕೆ ಬಂದಾಗ ಮತ್ತೆ ಒತ್ತಿ ಹಾಕಬೇಕು. ಹದ ತಪ್ಪಿದರೆ ಕರ್ರೆಂದು ಓಣಿಗೆಲ್ಲ ಕೇಳುತ್ತದೆ. ಮಾವ ಪಕ್ಕದಲ್ಲಿ ಕೂತು ಹದ ಬಂದಾಗ ಒಮ್ಮೆ ಕೆಮ್ಮುತ್ತಿದ್ದರು, ಆ ಕೆಮ್ಮಿಗೆ ಅಕ್ಕ ಗೇರು ಹಾಕುತ್ತಿದ್ದರು. ಹೀಗೇ ನಡೆಯುತ್ತಿರುವಾಗ ಮಾವನಿಗೆ ನಿಜವಾಗಿ ನೆಗಡಿಯಾಗಿ, ಒಂದು ವಾರ ಗೇರುಗಳು ಕಂಡಾಪಟ್ಟೆ ಬಿದ್ದವು. ಲಿವರು ಇಳಿಸುವುದನ್ನು ಮರೆತು ಹ್ಯಾಂಡಲ್ ತಿರುಗಿಸಿದ ದಿನ ಅದು ಹಿಂದಕ್ಕೆ ಒದ್ದು ಅಕ್ಕನ ಹೆಬ್ಬೆರಳು ಮುರಿಯಿತು. ಆ ಬೆರಳು ಇವತ್ತಿಗೂ ಕೊಂಚ ಸೊಟ್ಟ. "ಬಲವಂತಕ್ಕೆ ಹಿಡಿದ್ರೆ ಒದೆಯುತ್ತೆ, ಸಲಿಗೆಯಿಂದ ಹಿಡಿದ್ರೆ ಏಳುತ್ತೆ" ಎಂದು ಅಕ್ಕ ಬೆರಳು ತೋರಿಸಿ ನಗುತ್ತಾರೆ.

ಅವರ ಯಜಮಾನರಿಗೆ ಕಾರೆಂದರೆ ದೂರದಿಂದಲೇ ನಮಸ್ಕಾರ. ಅಪ್ಪ ಡ್ರೈವರ್, ಹೆಂಡತಿ ಡ್ರೈವರ್, ನಡುವೆ ಇವರು ಇಸ್ತ್ರಿಪೆಟ್ಟಿಗೆ ಬಿಟ್ಟು ಬೇರೇನೂ ಓಡಿಸಿದವರಲ್ಲ. "ಗಂಡಸಿಗೂ ಸವತಿ ಇರ್ತಾಳೆ ಅಂತ ಗೊತ್ತಾಗಿದ್ದೇ ನಮ್ಮನೇಲಿ" ಎನ್ನುತ್ತ ಕೋಟಿನ ಕಾಲರು ತೀಡುತ್ತಾರೆ. ಹಾಗಂತ ಭಾನುವಾರ ಅಕ್ಕ ಕಾರಿನಡಿ ಮಲಗಿದಾಗ ಟಾರ್ಚು ಹಿಡಿಯುವವರೂ ಅವರೇ.

ಭಾನುವಾರ ಡಬ್ಬಿಯ ಸೇವೆಯ ದಿನ. ಕೀಲುಕೀಲಿಗೂ ಗ್ರೀಸು, ರೇಡಿಯೇಟರಿಗೆ ನೀರು, ತಂತಿ ಎಳೆದು ಬ್ರೇಕಿನ ಬಿಗಿ ನೋಡುವುದು. ಬಿಡಿಭಾಗ ಎಲ್ಲೂ ಸಿಗುವುದಿಲ್ಲ. ಹೊಲಿಗೆ ಯಂತ್ರದ ಸ್ಪ್ರಿಂಗು, ಹಾಲಿನ ಕ್ಯಾನಿನ ವಾಷರು, ತಂತಿಗೆ ಸೈಕಲ್ ಅಂಗಡಿ. ಹಿಂದಿನ ಸೀಟು ತೆಗೆದು ಅಡ್ಡಕ್ಕೊಂದು ಪೈಪು ಬಿಗಿದಿದ್ದಾರೆ, ಕೋಟುಗಳು ಅದಕ್ಕೆ ನೇತಾಡಿಕೊಂಡೇ ಹೋಗುತ್ತವೆ. ಗಂಟೆಗೆ ನಲವತ್ತು ಕಿಲೋಮೀಟರ್ ದಾಟಿಸುವುದಿಲ್ಲ. ಹಿಂದಿನವರು ಹಾರ್ನ್ ಬಡಿದರೆ ಬಡಿಯಲಿ. "ನಂಗೆ ಅವಸರ ಇಲ್ಲ, ಕೋಟಿಗೂ ಇಲ್ಲ" ಎನ್ನುತ್ತಾರೆ ಅಕ್ಕ.

ಮುಂದಿನ ಎಡಸೀಟು ಮಾವನದು. ದಿನವೂ ಬರುತ್ತಾರೆ, ಮನೆಯಲ್ಲಿ ಕೂತರೆ ಹೊತ್ತು ಹೋಗುವುದಿಲ್ಲವಂತೆ. ಬಂದವರು ಸುಮ್ಮನೆ ಕೂರುತ್ತಾರೆಯೇ? ಜೀವಮಾನವಿಡೀ ಬ್ರೇಕು ತುಳಿದ ಕಾಲು. ಎದುರಿಗೆ ಆಟೋ ಬಂದರೂ ಸರಿ, ನಾಯಿ ಅಡ್ಡ ಬಂದರೂ ಸರಿ, ಮಾವನ ಬಲಗಾಲು ಮುಂದಿನ ಹಲಗೆಯನ್ನು ಗಟ್ಟಿಯಾಗಿ ಒತ್ತುತ್ತದೆ. ಅಲ್ಲಿ ಪೆಡಲೇ ಇಲ್ಲ. ಬರೀ ಮರ. ಒತ್ತಿ ಒತ್ತಿ ಆ ಜಾಗ ಸವೆದು ಹಳ್ಳ ಬಿದ್ದು, ಅಕ್ಕ ಆ ಹಲಗೆಯನ್ನು ಎರಡು ಸಲ ಬದಲಿಸಿದ್ದಾರೆ. ಮಾವ ಬಾಯಿಬಿಟ್ಟು ಒಂದು ದಿನವೂ ತಪ್ಪು ಹಿಡಿದವರಲ್ಲ. ಆದರೆ ಬಾಯಿ ಹೇಳದ್ದನ್ನು ಕಾಲು ಹೇಳುತ್ತದಲ್ಲ! ಅಕ್ಕನಿಗೆ ಅದು ಚುಚ್ಚುತ್ತದೆ. "ಇಷ್ಟು ವರ್ಷ ಆಯ್ತು, ಇನ್ನೂ ಅವರ ಪಾಲಿಗೆ ನಾನು ಕಲಿಯೋಳೇ" ಎಂದು ಒಮ್ಮೆ ಯಜಮಾನರ ಹತ್ತಿರ ಹೇಳಿಕೊಂಡು ಅತ್ತದ್ದೂ ಇದೆ.

ಹೋದ ತಿಂಗಳ ಕತೆ ಕೇಳಿ. ತಪಾಸಣೆ ಹತ್ತಿರ ಬಂತೆಂದು ಅಕ್ಕ ಡಬ್ಬಿಗೆ ಮದುವಣಗಿತ್ತಿಯ ಉಪಚಾರ ಮಾಡಿದರು. ಉಜ್ಜಿ ತೊಳೆದು, ಎಲ್ಲೆಲ್ಲಿ ಎಣ್ಣೆ ಹೋಗುತ್ತದೋ ಅಲ್ಲೆಲ್ಲ ಕಂಠಮಟ್ಟ ಹೊಯ್ದರು. ಕಚೇರಿಯ ಹಿಂದೆ ಇಳಿಜಾರಿದೆ. ಮೇಲಿನಿಂದ ಇಳಿದು ನಡುವಿನ ಬಿಳಿ ಗೆರೆಯ ಮೇಲೆ ನಿಲ್ಲಿಸಬೇಕು. 'ದಿನಾ ಎಷ್ಟು ಜನ ಕೂರುತ್ತೀರೋ ಅಷ್ಟೇ ಭಾರ ಇರಲಿ' ಎಂದು ಅಧಿಕಾರಿಗಳು ಹೇಳಿದ್ದರಿಂದ ಮಾವನೂ ಪಕ್ಕದಲ್ಲಿದ್ದರು. ಗೆರೆ ಬಂತು. ಅಕ್ಕ ಬ್ರೇಕು ತುಳಿದರು, ಮಾವ ಹಲಗೆ ತುಳಿದರು. ಡಬ್ಬಿ ಇಬ್ಬರಿಗೂ ಸೊಪ್ಪು ಹಾಕಲಿಲ್ಲ. ಗೆರೆ ದಾಟಿ ಜಾರುತ್ತ ಹೋಗಿ, ತಳದಲ್ಲಿ ಪೇರಿಸಿಟ್ಟಿದ್ದ ಹಳೇ ಟೈರುಗಳಿಗೆ ಮೂತಿಯಿಟ್ಟು ನಿಂತಿತು. ಮಾವನ ಕಾಲಡಿಯ ಹಲಗೆ ಲಟಕ್ಕೆಂದು ಸೀಳಿತ್ತು. ಅಕ್ಕನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಮನೆಗೆ ಬಂದವರೇ ತಂತಿ ಬಿಗಿದರು, ಸಡಿಲಿಸಿದರು, ಮತ್ತೆ ಬಿಗಿದರು. ಏನೂ ಉಪಯೋಗವಿಲ್ಲ. ಮೂರನೆಯ ದಿನ ಮಾವ ಗೋಡೆ ಹಿಡಿದುಕೊಂಡು ಶೆಡ್ಡಿಗೆ ಬಂದು, ಹಿಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತು ಮೂಸಿದರು. ಸುಟ್ಟ ಎಣ್ಣೆಯ ವಾಸನೆ. ಚಕ್ರ ಬಿಚ್ಚಿ ನೋಡಿದರೆ, ಹಿಂದಿನ ಆಕ್ಸಲ್ಲಿಗೆ ತುಂಬಿದ ಎಣ್ಣೆ ಉಕ್ಕಿ ಬ್ರೇಕಿನ ಡ್ರಮ್ಮಿನೊಳಗೆ ಇಳಿದು, ಡ್ರಮ್ಮನ್ನು ಒತ್ತಿ ಹಿಡಿಯಬೇಕಾದ ಲೈನರೆಲ್ಲ ತೊಯ್ದು ತೊಪ್ಪೆಯಾಗಿದೆ. ಅಕ್ಕರೆಯಿಂದ ಹೊಯ್ದ ಎಣ್ಣೆಯೇ ಬ್ರೇಕನ್ನು ಕೊಂದಿತ್ತು. ಕಡಿಮೆ ಎಣ್ಣೆ ಹಾಕಿ ಗಾಡಿ ಕೆಡಿಸುವವರನ್ನು ಎಲ್ಲರೂ ಕಂಡಿದ್ದೇವೆ, ಅಕ್ಕ ಹೆಚ್ಚು ಹಾಕಿ ಕೆಡಿಸಿದ್ದರು.

ಬೈಗುಳ ಬರುತ್ತದೆಂದು ತಲೆತಗ್ಗಿಸಿ ನಿಂತ ಸೊಸೆಗೆ ಮಾವ ಹೇಳಿದ್ದು ಇಷ್ಟೇ: "ಮಗು ಅತ್ತಾಗೆಲ್ಲ ಹಾಲು ಕುಡಿಸಿದ್ರೆ ಕಕ್ಕಿಕೊಳ್ಳುತ್ತೆ. ನಾನೂ ಮೊದಲನೇ ವರ್ಷ ಇದೇ ಮಾಡಿದ್ದೆ. ಡಾಕ್ಟರನ್ನ ಕೂರಿಸಿಕೊಂಡು ಚರಂಡಿಗೆ ಇಳಿಸಿದ್ದೆ." ಇಷ್ಟು ವರ್ಷ ಯಾರಿಗೂ ಹೇಳಿರದ ಮಾತು. ಯಜಮಾನರ ಕೈಯಲ್ಲಿದ್ದ ಟಾರ್ಚು ನಗುವಿಗೆ ಅಲ್ಲಾಡಿ ಬೆಳಕೆಲ್ಲ ಸೂರಿಗೆ ಹೋಯಿತಂತೆ.

ಅಲ್ಲಿಂದ ಅಕ್ಕ ಮಾಡಿದ ಕೆಲಸ ನೋಡಬೇಕು. ಹಗಲೆಲ್ಲ ತಳ್ಳುಗಾಡಿಯಲ್ಲಿ ಬಟ್ಟೆ, ಸಂಜೆ ಶೆಡ್ಡು. ಆಕ್ಸಲ್ಲಿನ ಎಣ್ಣೆ ಹದಕ್ಕೆ ಇಳಿಸಿ, ಡ್ರಮ್ಮುಗಳನ್ನು ಪೆಟ್ರೋಲಿನಲ್ಲಿ ತೊಳೆದು, ಲಾರಿಯ ಹೊಸ ಲೈನರು ತಂದು ಅಳತೆಗೆ ಕೊಯ್ದರು. ಚಪ್ಪಲಿ ರಿಪೇರಿಯವರ ಹತ್ತಿರ ಕಬ್ಬಿಣದ ಅಡಿಗಲ್ಲು ಎರವಲು ತಂದು ಅದರ ಮೇಲಿಟ್ಟು ತಾಮ್ರದ ರಿವೆಟ್ಟು ಬಡಿದರು. ಒಂದೊಂದು ಪೆಟ್ಟಿಗೂ ಮಾವ ಬೆರಳಾಡಿಸಿ ನೋಡುತ್ತಿದ್ದರು. ಸೀಳಿದ ಹಲಗೆ ಕಿತ್ತು ಹೊಸದು ಹಾಕಿದರು, ಅದೂ ಮೂರನೆಯದು.

ಈಗ ಕಚೇರಿಯ ಇಳಿಜಾರಿನ ತುದಿಯಲ್ಲಿ ಡಬ್ಬಿ ನಿಂತಿದೆ. ಕೋಟುಗಳನ್ನು ಆಸ್ಪತ್ರೆಗೆ ತಲುಪಿಸಿ ಬಂದದ್ದಾಗಿದೆ. ಗೆರೆಯ ಪಕ್ಕ ಅಧಿಕಾರಿಗಳು ಬಾಗಿ ನಿಂತಿದ್ದಾರೆ, ಬೇಲಿಯಾಚೆ ಯಜಮಾನರು. ಹೋದ ಸಲ ಟೈರಿಗೆ ಮೂತಿಯಿಟ್ಟದ್ದನ್ನು ಕಂಡು ನಕ್ಕಿದ್ದ, ಸರದಿಯಲ್ಲಿ ನಿಂತ ಲಾರಿಯವರು ಇವತ್ತು ಬೀಡಿ ಸೇದುವುದನ್ನೂ ಬಿಟ್ಟು ನೋಡುತ್ತಿದ್ದಾರೆ. ಅಕ್ಕ ಗೇರು ಹಾಕುತ್ತಾರೆ. ಸದ್ದಾಗುವುದಿಲ್ಲ. ಪಕ್ಕದಿಂದ ಕೆಮ್ಮೂ ಬರುವುದಿಲ್ಲ.

ಡಬ್ಬಿ ಇಳಿಯುತ್ತದೆ. ಗೆರೆ ಹತ್ತಿರವಾಗುತ್ತದೆ. ಅಕ್ಕನ ಕಾಲು ಬ್ರೇಕಿನ ಮೇಲೆ ನಿಧಾನವಾಗಿ ಕೂರುತ್ತದೆ. ಪುಟ್ಟ ಗಾಡಿ ಒಮ್ಮೆ ಮುಂದಕ್ಕೆ ತೂಗಿ, ಮುಂದಿನ ಚಕ್ರವನ್ನು ಬಿಳಿ ಗೆರೆಯ ಮೇಲಿಟ್ಟು ನಿಂತುಬಿಡುತ್ತದೆ. ಬೇಲಿಯಾಚೆ ಯಜಮಾನರು ಎರಡೂ ಕೈ ಎತ್ತುತ್ತಾರೆ. ಅಧಿಕಾರಿಗಳು ಗೆರೆ ನೋಡಿ, ಚಕ್ರ ನೋಡಿ, ತಲೆಯಾಡಿಸಿ ಕಾಗದಕ್ಕೆ ಸಹಿ ಹಾಕುತ್ತಾರೆ.

ಅಕ್ಕ ಅದೊಂದನ್ನೂ ನೋಡಲಿಲ್ಲ. ಅವರ ಕಣ್ಣು ಹೋದದ್ದು ಎಡಗಡೆಯ ಹೊಸ ಹಲಗೆಯ ಮೇಲೆ. ಅಲ್ಲಿ ಮಾವನ ಚಪ್ಪಲಿ ಮಾತ್ರ ಇದ್ದವು. ಮಾವ ಎರಡೂ ಕಾಲು ಮೇಲಕ್ಕೆಳೆದುಕೊಂಡು, ಮನೆಯ ಜಗಲಿಯ ಮೇಲೆ ಕೂತವರ ಹಾಗೆ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. "ನಿಂತಿತೇನಮ್ಮ?" ಎಂದು ಕೇಳಿದರು. "ನಿಂತಿತು ಮಾವ" ಎನ್ನುವಷ್ಟರಲ್ಲಿ ಅಕ್ಕನ ಕಣ್ಣು ತುಂಬಿ ಬಂತು. "ಹಾಗಾದ್ರೆ ನಡಿ, ಲಾಡ್ಜಿನ ಹಾಸು ತರಬೇಕು" ಎಂದರು ಮಾವ.

ಮಧ್ಯಾಹ್ನ ಶೆಡ್ಡಿನಲ್ಲಿ ಯಜಮಾನರು ಆ ಹಲಗೆಯ ಅಳತೆಗೆ ರಬ್ಬರಿನ ಚಾಪೆಯೊಂದನ್ನು ಕತ್ತರಿಸಿ ತರುತ್ತಾರೆ, ಇನ್ನಾದರೂ ಸವೆಯದಿರಲಿ ಎಂದು. ಅಕ್ಕ ಅದನ್ನು ತೆಗೆದುಕೊಂಡು ಪಕ್ಕಕ್ಕಿಡುತ್ತಾರೆ. ರೇನ್‌ಕೋಟಿನ ತೋಳಿನಿಂದ ಹಲಗೆಯ ದೂಳು ಒರೆಸಿ, ಸೊಟ್ಟ ಹೆಬ್ಬೆರಳನ್ನು ಅದರ ಮೇಲೆ ಎಳೆಯುತ್ತಾರೆ.

"ಚಾಪೆ ಬೇಡ ರೀ" ಎನ್ನುತ್ತಾರೆ. "ಹಾಗೇ ಇರ್ಲಿ. ಒಂದು ಗೀರೂ ಬಿದ್ದಿಲ್ಲ, ನೋಡಿ."