ಎಣ್ಣೆ ಪೈಪಿನ ಕಲ್ಲು

ಬಕೆಟ್ಟಿನ ಹಲ್ಲಿಗೆ ಏನೋ ಸಿಕ್ಕಿತು. ಕಲ್ಲಿನ ಸದ್ದಲ್ಲ. ಜೆಸಿಬಿ ಬಂದ್ ಮಾಡಿ ಇಳಿದೆ. ತಗ್ಗಿನಲ್ಲಿ ದಪ್ಪ ಪೈಪು. ಮೇಲಿನ ಹೊದಿಕೆ ಗೇಣುದ್ದ ಕಿತ್ತುಹೋಗಿ ಕಬ್ಬಿಣ ಕಾಣುತ್ತಿತ್ತು. ಬಗ್ಗಿ ಮೂಸಿದೆ. ವಾಸನೆ ಇರಲಿಲ್ಲ.

ಹೊಲದ ಮಾಲೀಕ ಕಾಕಾ ಪಕ್ಕದಲ್ಲೇ ಬೀಡಿ ಹಚ್ಚುತ್ತಿದ್ದ.

"ಕಾಕಾ, ಬೀಡಿ ಆರಸು! ಎಣ್ಣಿ ಲೈನ್ ಇದು!"

"ಇಲ್ಲೆಲ್ಲಿ ಬರ್ತದೋ? ಕಲ್ಲು ಅಲ್ಲಿ ಬದುವಿನ ಮ್ಯಾಲ ಅದ ನೋಡು."

ಹತ್ತಿಕುಣಿ ಕಡೆಯ ಹೊಲ ಅದು. ಬೋರಿನ ನೀರಿನ ಪೈಪು ಹಾಕಲು ಕಾಲುವೆ ತೋಡುತ್ತಿದ್ದೆ. ಎಣ್ಣೆ ಪೈಪು ಈ ಹೊಲದ ಕೆಳಗೆ ಹೋಗಿದೆ ಎಂದು ಇಬ್ಬರಿಗೂ ಗೊತ್ತಿತ್ತು. ಎಲ್ಲಿ ಎಂಬುದು ಗೊತ್ತಿರಲಿಲ್ಲ. ಗುರುತಿಗೆ ಇದ್ದದ್ದು ಪೈಪು ಕಂಪನಿಯ ಒಂದು ಸಿಮೆಂಟ್ ಕಲ್ಲು. ಅದರಿಂದ ಮೂವತ್ತು ಹೆಜ್ಜೆ ಬಿಟ್ಟೇ ತೋಡಿದ್ದೆ.

ಅದಕ್ಕೂ ಮೊದಲು ಯಾದಗಿರಿಗೆ ಹೋಗಿ ಪೈಪಿನವರ ಆಫೀಸಿನಲ್ಲಿ ಕೇಳಿದ್ದೆ. ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ನನಗೆ ಬರುವ ಕೆಲಸ ಇದೊಂದೇ. ಪೈಪು ಕೆಡಿಸಿದರೆ ಲೈಸೆನ್ಸ್ ಹೋಗುತ್ತದೆ, ಆಮೇಲೆ ಯಾರೂ ಗಾಡಿ ಕೊಡುವುದಿಲ್ಲ.

"ಸಾಹೇಬ್ರ, ಆ ಹೊಲದ ನಕ್ಷಾ ಒಂದೀಟು ತೋರಿಸ್ರಿ."

"ನಕ್ಷಾ ಎಲ್ಲಾರಿಗೂ ತೋರ್ಸಂಗಿಲ್ಲಪ. ಯಾರರ ಎಣ್ಣಿ ಕದ್ರ?"

"ನಾ ಕಳ್ಳ ಕಾಣ್ತೀನೇನ್ರಿ?"

"ಹಣಿ ಮ್ಯಾಲ ಬರ್ದಿರ್ತದೇನು? ಅರ್ಜಿ ಕೊಟ್ಟು ಹೋಗು."

ಅರ್ಜಿ ಕೊಟ್ಟೆ. ಉತ್ತರ ಬರಲಿಲ್ಲ. ಬಿತ್ತನೆ ಹತ್ತಿರ ಬಂದಿತ್ತು, ಕಾಕಾ ಅವಸರ ಮಾಡಿದ. ಕಲ್ಲನ್ನು ನಂಬಿ ಕೆಲಸ ಶುರು ಮಾಡಿದೆ.

ಈಗ ತಗ್ಗಿನ ಪಕ್ಕ ನಿಂತು ಕೇಳಿದೆ: "ಕಾಕಾ, ಖರೇ ಹೇಳು. ಆ ಕಲ್ಲು ಮೊದಲಿಂದ ಅಲ್ಲೇ ಇತ್ತಾ?"

ಅವನು ಆರಿಸಿದ ಬೀಡಿಯನ್ನು ಕಿವಿಗೆ ಸಿಕ್ಕಿಸಿದ. "ಹೊಲದ ನಡುವ ಇತ್ತೋ ತಮ್ಮಾ. ಟ್ರ್ಯಾಕ್ಟರಿಗೆ ಅಡ್ಡ ಬರ್ತಿತ್ತು. ಕಿತ್ತಿ ತಂದೆ."

ನಮ್ಮ ಕಡೆ ಎಳ್ಳಮಾವಾಸ್ಯೆಗೆ ಹೊಲದಲ್ಲಿ ಐದು ಕಲ್ಲು ಇಟ್ಟು, ಸುಣ್ಣ ಬಳಿದು, ಪಾಂಡವರು ಎಂದು ಪೂಜೆ ಮಾಡುತ್ತಾರೆ. ಕಾಕಾ ಕಿತ್ತ ಕಲ್ಲನ್ನು ಐದನೆಯದಾಗಿ ನಿಲ್ಲಿಸಿದ್ದ. ವರ್ಷವರ್ಷದ ಸುಣ್ಣದ ಕೆಳಗೆ ಪೈಪಿನವರ ಫೋನ್ ನಂಬರು ಮುಚ್ಚಿಹೋಗಿತ್ತು. ನಾನು ಗಾಡಿಯ ನಟ್ಟು ಬಿಚ್ಚುವ ಪಾನಾ ತಗೊಂಡು ಕೆರೆಯಲು ಕುಳಿತೆ.

"ಏ, ದೇವ್ರ ಮೈ ಕೆರೀತಿ?"

"ದೇವ್ರಲ್ಲೋ ಕಾಕಾ, ಕಂಪನಿ ಕಲ್ಲು."

"ಇಷ್ಟ್ ವರ್ಷ ನಮ್ಮನಿ ಹೋಳಗಿ ತಿಂದಾದ. ಈಗ ಕಂಪನಿದಾ? ಸುಮ್ನ ಮಣ್ಣು ಮುಚ್ಚು, ಯಾರು ನೋಡ್ಯಾರ?"

ಮುಚ್ಚಬಹುದಿತ್ತು. ಆದರೆ ಹೊದಿಕೆ ಹೋದ ಕಬ್ಬಿಣ ತುಕ್ಕು ಹಿಡಿದು ಎಂದಾದರೂ ಒಡೆಯುತ್ತದೆ. ಅದರ ಮೇಲೆ ಹೆಣ್ಣುಮಕ್ಕಳು ಹತ್ತಿ ಬಿಡಿಸುತ್ತಿರುತ್ತಾರೆ. ಫೋನ್ ಮಾಡಿದೆ.

ಒಂದು ತಾಸಿನಲ್ಲಿ ಜೀಪು ಬಂತು. ಒಬ್ಬ ಮೊಬೈಲಿನಲ್ಲಿ ನಕ್ಷೆ ತೆರೆದು, ಕಲ್ಲಿನ ಕಡೆ ತಿರುಗಿಯೂ ನೋಡದೆ, ಸೀದಾ ಪೈಪಿನ ಮೇಲೆ ಹೋಗಿ ನಿಂತ.

"ನಕ್ಷಾ ಇತ್ತಲ್ರೀ?"

"ಇತ್ತು. ನಿನಗ್ಯಾಕ ಅದು?"

ನನ್ನ ಮೇಲೆ ಕೇಸಾಯಿತು. ಲೈಸೆನ್ಸ್ ಪೊಲೀಸರು ಇಟ್ಟುಕೊಂಡರು. ಜೆಸಿಬಿಯ ಮಾಲೀಕ, ಶಹಾಪುರದವನು, ಚಾವಿ ಕಸಿದುಕೊಂಡ. ಕಾಕಾ ಹೆದರಿ, ಕಲ್ಲು ತಾನು ಮುಟ್ಟಿಲ್ಲ ಎಂದುಬಿಟ್ಟ. ಕಲ್ಲಿನ ಮೇಲೆ ಇದ್ದದ್ದು ನನ್ನ ಪಾನಾದ ಗೆರೆಗಳು. ಗುರುತಿನ ಕಲ್ಲು ಕೆಡಿಸಿದ್ದೂ ನಾನೇ ಎಂದು ಬರೆದರು.

ಕಲ್ಲು ಮೊದಲು ಬೇರೆ ಕಡೆ ಇತ್ತು ಎಂದು ತೋರಿಸಲು ನಕ್ಷೆ ಬೇಕು ಎನ್ನುತ್ತಾರೆ ವಕೀಲರು. ಮತ್ತೆ ಅರ್ಜಿ ಕೊಟ್ಟೆ. ಈ ಸಲ ಉತ್ತರ ಬಂತು. ಕೊಡಲು ಬರುವುದಿಲ್ಲ ಎಂದು.

ಈಗ ಶಹಾಪುರದಲ್ಲಿ ಹತ್ತಿ ಚೀಲ ಹೊರುತ್ತೇನೆ. ನಾನು ಓಡಿಸುತ್ತಿದ್ದ ಗಾಡಿಗೆ ಬಂದ ಹೊಸ ಡ್ರೈವರ್ ಹೋದ ವಾರ ಫೋನ್ ಮಾಡಿದ್ದ. ಕಾಕಾನ ಪಕ್ಕದ ಹೊಲದಲ್ಲಿ ಅವನಿಗೆ ಕೆಲಸ ಸಿಕ್ಕಿತ್ತು.

"ಅಣ್ಣಾ, ಲೈನ್ ಎಲ್ಲಿ ಹಾದು ಹೋಗ್ಯಾದ?"

"ಗೊತ್ತಿಲ್ಲೋ."

"ನೀನೇ ಹೊಡದಿ, ನಿನಗ ಗೊತ್ತಿಲ್ಲೇನು?" ಎಂದು ನಕ್ಕ.

"ನಾ ಹೊಡದಿದ್ದು ಒಂದು ಜಾಗ. ಅದೊಂದೇ ಗೊತ್ತು. ತೋಡಬ್ಯಾಡ."

"ನಾ ಒಲ್ಲೆ ಅಂದ್ರ ಬ್ಯಾರೆಯವ ಬರ್ತಾನ ಅಣ್ಣಾ."

ಗಾಡಿ ಚಾಲೂ ಆದ ಸದ್ದು ಕೇಳಿತು. ಫೋನ್ ಇಟ್ಟೆ. ಮುಂದಿನ ಚೀಲ ಹೆಗಲಿಗೆ ಏರಿಸಿದೆ.